ಉಜ್ಜಿ ಅಳಿಸಿದ ಪದರ

ಮೊಲದ ಮಹಾಧಮನಿಯನ್ನು ಹೊರತೆಗೆದು, ಅದಕ್ಕೆ ಅಂಟಿದ ಕೊಬ್ಬು ಬಿಡಿಸಿ, ಸಣ್ಣ ಕತ್ತರಿಯಿಂದ ಸುರುಳಿಯಾಗಿ ಸೀಳುತ್ತ ಹೋದರೆ ಒಂದು ಉದ್ದನೆಯ ಪಟ್ಟಿ ಸಿಗುತ್ತದೆ. ಅದರ ಎರಡೂ ತುದಿಗೆ ದಾರ ಕಟ್ಟಿ, ಕೆಳತುದಿಯನ್ನು ಗಾಜಿನ ಕೊಕ್ಕೆಗೂ ಮೇಲ್ತುದಿಯನ್ನು ಹಗುರವಾದ ಲಿವರ್‌ಗೂ ಸಿಕ್ಕಿಸಿ, 37 ಡಿಗ್ರಿ ಬಿಸಿಯ ಉಪ್ಪಿನ ದ್ರಾವಣದಲ್ಲಿ ಇಳಿಬಿಟ್ಟು ಆಮ್ಲಜನಕದ ಗುಳ್ಳೆ ಹಾಯಿಸುತ್ತಿದ್ದರೆ, ಪ್ರಾಣಿ ಸತ್ತ ಮೇಲೂ ಆ ತುಂಡು ಗಂಟೆಗಟ್ಟಲೆ ಬದುಕಿರುತ್ತದೆ. ಔಷಧ ಹಾಕಿದರೆ ಬಿಗಿಯುತ್ತದೆ, ಇಲ್ಲವೇ ಸಡಿಲಾಗುತ್ತದೆ. ಲಿವರ್‌ನ ಮುಳ್ಳು ಮಸಿ ಹಿಡಿಸಿದ ಕಾಗದದ ಮೇಲೆ ಅದನ್ನು ಗೀಚಿ ತೋರಿಸುತ್ತದೆ.

ಇದು ಔಷಧಶಾಸ್ತ್ರದ ಪ್ರಯೋಗಾಲಯಗಳ ಕಸುಬು. ನಾನು ಈ ಕಸುಬಿನಲ್ಲೇ ಆಯುಷ್ಯ ಕಳೆದವಳು. ಧಾರವಾಡ ಸೀಮೆಯ ವೈದ್ಯಕೀಯ ವಿದ್ಯಾರ್ಥಿಗಳಿಗೆ ಪ್ರಾಕ್ಟಿಕಲ್ ಕಲಿಸುತ್ತ ನಿವೃತ್ತಳಾದೆ. ನಮ್ಮಲ್ಲಿ ಮೊಲದ ಮಹಾಧಮನಿ ಅಪರೂಪವಾಗಿತ್ತು. ಕಪ್ಪೆಯ ಹೊಟ್ಟೆಯ ಸ್ನಾಯು, ಗಿನಿಪಿಗ್‌ನ ಸಣ್ಣಕರುಳು, ಇವೇ ನಿತ್ಯದ ಸಾಮಗ್ರಿಯಾಗಿದ್ದವು. ವಿಧಾನ ಮಾತ್ರ ಎಲ್ಲೆಡೆಯೂ ಒಂದೇ ಆಗಿತ್ತು. ಕೈಮೋಗ್ರಾಫ್‌ನ ಡ್ರಮ್ಮಿಗೆ ಹೊಳಪು ಕಾಗದ ಸುತ್ತಿ, ಹೊಗೆಯುಗುಳುವ ಉರಿಯ ಮೇಲೆ ತಿರುಗಿಸಿ, ಎಲ್ಲೂ ದಪ್ಪ ತೆಳು ಆಗದಂತೆ ಮಸಿ ಹಿಡಿಸಬೇಕಿತ್ತು. ಪ್ರಯೋಗ ಮುಗಿದ ಮೇಲೆ ಆ ಕಾಗದವನ್ನು ಅರಗಿನ ವಾರ್ನಿಷ್‌ನಲ್ಲಿ ಅದ್ದಿ, ಹಗ್ಗಕ್ಕೆ ಕ್ಲಿಪ್ ಹಾಕಿ ಒಣಗಲು ಬಿಡಬೇಕಿತ್ತು. ಅದಕ್ಕೆ ಮೊದಲು ಎಲ್ಲಾದರೂ ಬೆರಳು ತಾಗಿದರೆ ಬೆಳಗಿನಿಂದ ದುಡಿದದ್ದೆಲ್ಲ ಅಳಿಸಿಹೋಗುತ್ತಿತ್ತು.

ಈ ಕಸುಬಿಗೆ ಎರಡು ನಿಯಮಗಳಿವೆ. ಒಂದು, ಅಂಗಾಂಶವನ್ನು ಎಳೆಯಬಾರದು, ಚಿವುಟಬಾರದು. ನಮ್ಮ ಲ್ಯಾಬಿನ ಹಿರಿಯ ಅಟೆಂಡರ್ ಹೊಸಬರಿಗೆಲ್ಲ ಇದನ್ನೇ ಹೇಳುತ್ತಿದ್ದರು: "ಕೈ ಹಗೂರ ಇರ್ಲ್ರಿ ಡಾಕ್ಟ್ರ. ಎಳದ್ರ ಅದು ಸಾಯ್ತೈತ್ರಿ, ಆಮ್ಯಾಲ ಎಷ್ಟು ಔಷಧ ಹಾಕಿದ್ರೂ ಏಳಂಗಿಲ್ರಿ." ಎರಡನೆಯದು ತೊಳೆಯುವ ನಿಯಮ. ಒಂದು ಔಷಧ ಹಾಕಿ, ಅದರ ಗೆರೆ ಪಡೆದು, ಹಳೆಯ ದ್ರಾವಣ ಬಸಿದು ಹೊಸದು ತುಂಬಿ, ಅಂಗಾಂಶ ಮೊದಲಿನ ಸ್ಥಿತಿಗೆ ಬಂದ ಮೇಲೆಯೇ ಮುಂದಿನ ಔಷಧಕ್ಕೆ ಕೈಹಾಕಬೇಕು. ಪರೀಕ್ಷೆಯಲ್ಲಿ ಇದನ್ನು ಮರೆತವರಿಗೆ ಅಂಕ ಸಿಗುತ್ತಿರಲಿಲ್ಲ.

ರಕ್ತನಾಳ ಹೇಗೆ ಹಿಗ್ಗುತ್ತದೆ ಎಂಬ ಪ್ರಶ್ನೆಯ ಇತಿಹಾಸವನ್ನು ನಾನು ಓದುವುದು ಈ ಎರಡು ನಿಯಮಗಳ ಕಡೆಯಿಂದ. ಮೊದಲನೆಯದನ್ನು ತಿಳಿಯದೆಯೇ ಮೀರುತ್ತಿದ್ದದ್ದರಿಂದ ಒಂದು ದೊಡ್ಡ ಸತ್ಯ ದಶಕಗಳ ಕಾಲ ಕಣ್ಣಿಗೆ ಬೀಳಲಿಲ್ಲ. ಎರಡನೆಯದನ್ನು ಒಂದು ದಿನ ಯಾರೋ ತಪ್ಪಿದ್ದರಿಂದ ಅದು ಹೊರಬಂತು.

ಈ ಪ್ರಶ್ನೆ ಹಳೆಯದು. ರಕ್ತ ದೇಹದಲ್ಲಿ ಸುತ್ತುತ್ತದೆ ಎಂದು ವಿಲಿಯಂ ಹಾರ್ವೆ 1628ರಲ್ಲಿ ತೋರಿಸಿದರು. ಧಮನಿಗೂ ಅಭಿಧಮನಿಗೂ ಸೇತುವಾದ ಲೋಮನಾಳಗಳನ್ನು ಇಟಲಿಯ ಮಾಲ್ಪಿಘಿ 1661ರಲ್ಲಿ ಕಪ್ಪೆಯ ಶ್ವಾಸಕೋಶದಲ್ಲಿ ಕಂಡರು. ಫ್ರಾನ್ಸಿನ ವೈದ್ಯ ಪ್ವಾಸೇಯ್ 1840ರ ದಶಕದಲ್ಲಿ ಸಪೂರ ಗಾಜಿನ ಕೊಳವೆಗಳಲ್ಲಿ ದ್ರವ ಹರಿಸಿ ಒಂದು ಲೆಕ್ಕ ಕಂಡುಕೊಂಡರು: ಒತ್ತಡ ಅಷ್ಟೇ ಇದ್ದರೆ, ಹರಿವು ಕೊಳವೆಯ ತ್ರಿಜ್ಯದ ನಾಲ್ಕನೆಯ ಘಾತಕ್ಕೆ ತಕ್ಕಂತೆ ಏರುತ್ತದೆ. ಕೊಳವೆ ಎರಡರಷ್ಟು ಅಗಲವಾದರೆ ಹರಿವು 16 ಪಟ್ಟು. ಬರೀ ಐದರಲ್ಲಿ ಒಂದು ಪಾಲು ಹಿಗ್ಗಿದರೂ ಹರಿವು ಸುಮಾರು ಇಮ್ಮಡಿ. ಕೂದಲೆಳೆಯಷ್ಟು ಸಪೂರವಾದ ಕಿರುಧಮನಿಗಳು ತುಸು ಅಗಲವಾದರೆ, ತುಸು ಕಿರಿದಾದರೆ, ಯಾವ ಅಂಗಕ್ಕೆ ಎಷ್ಟು ರಕ್ತ ಎಂಬುದೇ ಬದಲಾಗುತ್ತದೆ. ದೇಹದ ರಕ್ತದೊತ್ತಡವೂ ಬಹುಮಟ್ಟಿಗೆ ಅವುಗಳ ಅಗಲದ ಮೇಲೆಯೇ ನಿಂತಿದೆ.

ಆ ಅಗಲವನ್ನು ಯಾರು ನಿರ್ಧರಿಸುತ್ತಾರೆ? 1850ರ ಸುಮಾರಿಗೆ ಕ್ಲಾಡ್ ಬರ್ನಾರ್ಡ್ ಮೊಲದ ಕುತ್ತಿಗೆಯಲ್ಲಿ ಒಂದು ನರ ಕತ್ತರಿಸಿದಾಗ ಆ ಕಡೆಯ ಕಿವಿ ಕೆಂಪಾಗಿ ಬೆಚ್ಚಗಾಯಿತು. ಹಾಗಾಗಿ ಯಜಮಾನಿಕೆ ನರಗಳದ್ದು ಎಂಬ ಮಾತು ಗಟ್ಟಿಯಾಯಿತು. 1902ರಲ್ಲಿ ಲಂಡನ್ನಿನ ಬೇಲಿಸ್, ಒಳಗಿನ ಒತ್ತಡ ಏರಿದರೆ ನಾಳದ ಸ್ನಾಯು ತಾನಾಗಿಯೇ ಬಿಗಿಯುತ್ತದೆ, ಅದಕ್ಕೆ ನರ ಬೇಕಿಲ್ಲ ಎಂದರು. ಅಲ್ಲಿಗೆ ಲೆಕ್ಕಕ್ಕೆ ಬಂದವರು ಇಬ್ಬರು, ನರ ಮತ್ತು ಸ್ನಾಯು. ರಕ್ತಕ್ಕೆ ಮೈತಾಗಿಸಿ ಕೂತ ಒಳಪದರವನ್ನು, ಅಂದರೆ ಎಂಡೋಥೀಲಿಯಂ ಅನ್ನು, ಯಾರೂ ಕೇಳಲಿಲ್ಲ. ಅದು ಒಂದೇ ಒಂದು ಕೋಶದಷ್ಟು ದಪ್ಪ. ರಕ್ತ ಸೋರದಂತೆ, ಹೆಪ್ಪುಗಟ್ಟದಂತೆ ಕಾಯುವ ತೆಳು ಹೊದಿಕೆ ಎಂದಷ್ಟೇ ಬಹುಪಾಲು ಜನ ತಿಳಿದಿದ್ದರು.

ಇಲ್ಲಿ ರಾಬರ್ಟ್ ಫರ್ಚ್‌ಗಾಟ್ ಬರುತ್ತಾರೆ. 1916ರಲ್ಲಿ ಅಮೆರಿಕದ ದಕ್ಷಿಣ ಕೆರೊಲಿನಾದ ಚಾರ್ಲ್‌ಸ್ಟನ್‌ನಲ್ಲಿ ಹುಟ್ಟಿ, ರಸಾಯನಶಾಸ್ತ್ರ ಓದಿ, ಸೇಂಟ್ ಲೂಯಿಸ್‌ನ ವಾಷಿಂಗ್‌ಟನ್ ವಿಶ್ವವಿದ್ಯಾಲಯದಲ್ಲಿ ಔಷಧಶಾಸ್ತ್ರಕ್ಕೆ ಬಂದವರು. ಸುರುಳಿ ಪಟ್ಟಿಯ ಕಸುಬನ್ನು ಪಳಗಿಸಿ ಜಗತ್ತಿಗೆ ಕೊಟ್ಟವರಲ್ಲಿ ಅವರೇ ಮುಖ್ಯರು. 1953ರಲ್ಲಿ ಅವರೂ ಅವರ ಸಹೋದ್ಯೋಗಿ ಭದ್ರಕೋಮ್ ಅವರೂ ಮೊಲದ ಮಹಾಧಮನಿಯ ಪಟ್ಟಿಯ ಮೇಲೆ ಹಲವು ಔಷಧಗಳನ್ನು ಹಾಕಿ ನೋಡಿ ಒಂದು ಪ್ರಬಂಧ ಪ್ರಕಟಿಸಿದರು. ಅದರಲ್ಲಿ ಅಸಿಟೈಲ್‌ಕೋಲಿನ್ ಎಂಬ ವಸ್ತು ಪಟ್ಟಿಯನ್ನು ಬಿಗಿಸಿತ್ತು.

ಇದು ತಲೆ ಕೆಡಿಸುವ ಫಲಿತಾಂಶ. ಅಸಿಟೈಲ್‌ಕೋಲಿನ್‌ನ ಒಂಚೂರು ಪ್ರಾಣಿಯ ರಕ್ತಕ್ಕೆ ಸೇರಿದರೂ ರಕ್ತದೊತ್ತಡ ದಡಕ್ಕನೆ ಇಳಿಯುತ್ತದೆ. 1906ರಲ್ಲಿ ರೀಡ್ ಹಂಟ್ ಮತ್ತು ಟಾವೋ ಅದನ್ನು ಕಂಡಿದ್ದರು, 1914ರಲ್ಲಿ ಹೆನ್ರಿ ಡೇಲ್ ವಿವರವಾಗಿ ಅಳೆದಿದ್ದರು. ನಾಳಗಳು ಹಿಗ್ಗದೆ ಒತ್ತಡ ಹಾಗೆ ಇಳಿಯುವುದಿಲ್ಲ. ಬದುಕಿರುವ ಪ್ರಾಣಿಯಲ್ಲಿ ನಾಳವನ್ನು ಹಿಗ್ಗಿಸುವ ವಸ್ತು ಗಾಜಿನ ಪಾತ್ರೆಯಲ್ಲಿ ನಾಳವನ್ನು ಬಿಗಿಸುತ್ತದೆ. ನಮ್ಮ ಪಠ್ಯಪುಸ್ತಕಗಳು ಈ ಎರಡನ್ನೂ ಬೇರೆ ಬೇರೆ ಪುಟದಲ್ಲಿ ಹೇಳಿ ಮುಂದೆ ಸಾಗುತ್ತಿದ್ದವು. ಫರ್ಚ್‌ಗಾಟ್ ಅವರ ಪಟ್ಟಿ ಮಾತ್ರ ಒಂದೇ ಉತ್ತರ ಕೊಡುತ್ತ ಹೋಯಿತು. 1956ರಲ್ಲಿ ಅವರು ನ್ಯೂಯಾರ್ಕಿನ ಬ್ರೂಕ್ಲಿನ್‌ಗೆ, ಅಲ್ಲಿನ ರಾಜ್ಯ ವಿಶ್ವವಿದ್ಯಾಲಯದ ವೈದ್ಯಕೀಯ ಕೇಂದ್ರಕ್ಕೆ ಔಷಧಶಾಸ್ತ್ರದ ಮುಖ್ಯಸ್ಥರಾಗಿ ಹೋದರು. ಪಟ್ಟಿಯೂ ಜೊತೆಗೆ ಹೋಯಿತು.

1978ರ ಮೇ ತಿಂಗಳು. ಬ್ರೂಕ್ಲಿನ್‌ನಲ್ಲಿ ಅವರು ಬೇರೆಯದೇ ಪ್ರಶ್ನೆಗಾಗಿ ಒಂದು ಪ್ರಯೋಗ ಹಾಕಿದ್ದರು. ಈ ಬಾರಿ ಸುರುಳಿ ಪಟ್ಟಿಯ ಬದಲು ಮಹಾಧಮನಿಯನ್ನು ಅಡ್ಡಲಾಗಿ ಕತ್ತರಿಸಿದ ಉಂಗುರ. ಯೋಜನೆ ಸರಳ. ಮೊದಲು ನಾರ್‌ಎಪಿನೆಫ್ರಿನ್ ಹಾಕಿ ಬಿಗಿಸು, ತೊಳೆ, ಆಮೇಲೆ ಅಸಿಟೈಲ್‌ಕೋಲಿನ್‌ನ ಸಂಬಂಧಿಯಾದ ಕಾರ್ಬಕಾಲ್ ಹಾಕಿ ಬಿಗಿಸು. ತಂತ್ರಜ್ಞ ಡೇವಿಡ್ ಡೇವಿಡ್‌ಸನ್ ನಡುವಿನ ತೊಳೆಯುವ ಹಂತ ಬಿಟ್ಟು, ಇನ್ನೂ ಬಿಗಿದೇ ಇದ್ದ ಉಂಗುರಕ್ಕೆ ಕಾರ್ಬಕಾಲ್ ಹಾಕಿದರು. ಗೆರೆ ಇನ್ನಷ್ಟು ಮೇಲೇರಬೇಕಿತ್ತು. ಅದು ಕೆಳಗಿಳಿಯಿತು. ಉಂಗುರ ಸಡಿಲಾಗಿತ್ತು.

ನನ್ನ ವಿದ್ಯಾರ್ಥಿಗಳಿಗೆ ನಾನು ಇಲ್ಲಿ ನಿಲ್ಲಿಸಿ ಒಂದು ವಿಷಯ ಬಿಡಿಸಿ ಹೇಳುತ್ತಿದ್ದೆ. ಬಿಗಿಯದೆ ಆರಾಮಾಗಿ ಇರುವ ಸ್ನಾಯುವನ್ನು ಸಡಿಲಿಸುವ ಔಷಧ ಹಾಕಿದರೆ ಗೆರೆ ಅಲುಗುವುದಿಲ್ಲ. ಸಡಿಲಾಗಲು ಅಲ್ಲಿ ಏನೂ ಉಳಿದಿರುವುದಿಲ್ಲ. ಮೊದಲೇ ಬಿಗಿದಿರುವ ನಾಳ ಮಾತ್ರ ಹಿಗ್ಗುವುದನ್ನು ತೋರಿಸಬಲ್ಲದು. ತೊಳೆಯುವ ಹಂತ ಬಿಟ್ಟುಹೋದ್ದರಿಂದ ಆ ಸ್ಥಿತಿ ತಾನಾಗಿ ಒದಗಿತು. ಆದರೆ ಅದೊಂದೇ ಸಾಲದು. ಸುರುಳಿ ಪಟ್ಟಿಯನ್ನು ಎಷ್ಟು ಬಿಗಿಸಿ ಕಾರ್ಬಕಾಲ್ ಹಾಕಿದರೂ ಅದು ಸಡಿಲಾಗುತ್ತಿರಲಿಲ್ಲ. ಉಂಗುರದಲ್ಲಿ ಪಟ್ಟಿಗೆ ಇಲ್ಲದ್ದು ಏನಿದೆ ಎಂದು ಫರ್ಚ್‌ಗಾಟ್ ಹಿಡಿದು ಕೂತರು. ಬೇರೆಯವರಾಗಿದ್ದರೆ ಪ್ರಯೋಗ ಕೆಟ್ಟಿತೆಂದು ಕಾಗದ ಹರಿದು ಮತ್ತೆ ಮೊದಲಿಂದ ಮಾಡಿಸುತ್ತಿದ್ದರು. ನಾವೆಲ್ಲ ಹಾಗೆಯೇ ಮಾಡಿಸುತ್ತಿದ್ದೆವು.

ಉತ್ತರ ಸಿಕ್ಕದ್ದು ಕೈಯಲ್ಲಿ. ಸುರುಳಿಯಾಗಿ ಸೀಳುವಾಗ, ಪಟ್ಟಿಯನ್ನು ಬಿಡಿಸಿ ಹಿಡಿಯುವಾಗ ಅದರ ಒಳಮೈ ಬೆರಳಿಗೋ, ಕೆಳಗೆ ಹಾಸಿದ ಕಾಗದಕ್ಕೋ ಉಜ್ಜುತ್ತಿತ್ತು. ಒಂದೇ ಕೋಶದ ದಪ್ಪದ ಪದರ ಅಷ್ಟಕ್ಕೇ ಕಿತ್ತುಹೋಗುತ್ತಿತ್ತು. ಉಂಗುರದಲ್ಲಿ ಒಳಮೈಗೆ ಏನೂ ತಾಗುವುದಿಲ್ಲ, ಪದರ ಉಳಿಯುತ್ತದೆ. ಫರ್ಚ್‌ಗಾಟ್ ಮತ್ತು ಅವರ ಜೊತೆಗಾರ ಜಾನ್ ಜವಾಡ್‌ಸ್ಕಿ ಇದನ್ನು ಬೇಕೆಂದೇ ಮಾಡಿ ನೋಡಿದರು. ಸಡಿಲಾಗುವ ಉಂಗುರದ ಒಳಮೈಯನ್ನು ಮೆಲ್ಲಗೆ ಉಜ್ಜಿದರೆ ಅದು ಸಡಿಲಾಗುವುದನ್ನು ಬಿಟ್ಟಿತು. ಒಳಪದರವನ್ನು ಕಾಪಾಡಿಕೊಂಡು ಕತ್ತರಿಸಿದ ಪಟ್ಟಿ ಉಂಗುರದಂತೆಯೇ ಸಡಿಲಾಯಿತು. ಬೆಳ್ಳಿಯ ಲವಣದಿಂದ ಬಣ್ಣ ಹಚ್ಚಿ ಸೂಕ್ಷ್ಮದರ್ಶಕದಲ್ಲಿ ನೋಡಿದರೆ, ಸಡಿಲಾಗುವ ತುಂಡಿನಲ್ಲಿ ಕೋಶಗಳ ಗಡಿಗೆರೆ ಸ್ಪಷ್ಟ, ಸಡಿಲಾಗದ ತುಂಡಿನಲ್ಲಿ ಆ ಗೆರೆಗಳೇ ಇಲ್ಲ.

ಆಮೇಲೆ ಅವರು ಮಾಡಿದ ಪ್ರಯೋಗವನ್ನು ನಾನು ಔಷಧಶಾಸ್ತ್ರದ ಅತ್ಯಂತ ಚೆಂದದ ಪ್ರಯೋಗಗಳ ಸಾಲಿನಲ್ಲಿ ಇಡುತ್ತೇನೆ. ಒಳಪದರ ಉಜ್ಜಿ ತೆಗೆದ ಒಂದು ಪಟ್ಟಿಯ ಸೆಳೆತವನ್ನು ಅಳೆಯುತ್ತ ಅಸಿಟೈಲ್‌ಕೋಲಿನ್ ಹಾಕಿದರು. ಸಡಿಲಾಗಲಿಲ್ಲ. ಒಳಪದರ ಇರುವ ಇನ್ನೊಂದು ತುಂಡನ್ನು ತಂದು, ಒಳಮೈಗೆ ಒಳಮೈ ತಾಗುವಂತೆ ಅದರ ಮೇಲೆ ಕೂರಿಸಿದರು. ಅಸಿಟೈಲ್‌ಕೋಲಿನ್ ಮತ್ತೆ ಹಾಕಿದರು. ಈ ಬಾರಿ ಬೋಳು ಪಟ್ಟಿ ಸಡಿಲಾಯಿತು. ಎರಡನ್ನೂ ಬೇರೆ ಮಾಡಿದರೆ ಮತ್ತೆ ಇಲ್ಲ. ಅಂದರೆ ಒಳಪದರದ ಕೋಶಗಳು ಏನೋ ಒಂದನ್ನು ಹೊರಬಿಡುತ್ತವೆ, ಅದು ಪಕ್ಕದ ಸ್ನಾಯುವಿಗೆ, ಅದು ಬೇರೊಂದು ತುಂಡಿನ ಸ್ನಾಯುವೇ ಆಗಿರಲಿ, ದಾಟಿ ಹೋಗಿ ಸಡಿಲಾಗು ಎನ್ನುತ್ತದೆ. ಸ್ಯಾಂಡ್‌ವಿಚ್ ಪ್ರಯೋಗ ಎಂದೇ ಇದು ಹೆಸರಾಯಿತು. 1980ರ ನವೆಂಬರ್ 27ರ 'ನೇಚರ್' ಪತ್ರಿಕೆಯಲ್ಲಿ ಈ ಕೆಲಸ ಅಚ್ಚಾಯಿತು. ಕೆಲವೇ ಪುಟಗಳಲ್ಲಿ 1953ರ ಒಗಟು ಬಗೆಹರಿಯಿತು.

ಆ ವಸ್ತು ಯಾವುದು ಎಂಬ ಹುಡುಕಾಟದ ಕಥೆ ಎಲ್ಲರಿಗೂ ಗೊತ್ತಿರುವಂಥದ್ದು. ಬೇಗ ಹೇಳಿ ಮುಗಿಸುತ್ತೇನೆ. ಕೆಲವೇ ಸೆಕೆಂಡು ಬಾಳುವ ಆ ವಸ್ತುವಿಗೆ ಮೊದಲು ಇಡಿಆರ್‌ಎಫ್ (ಒಳಪದರದಿಂದ ಬರುವ ಸಡಿಲಿಸುವ ಅಂಶ) ಎಂಬ ತಾತ್ಕಾಲಿಕ ಹೆಸರಿಟ್ಟರು. 1986ರಲ್ಲಿ ಮಿನ್ನೆಸೋಟಾದ ರಾಚೆಸ್ಟರ್‌ನಲ್ಲಿ ನಡೆದ ಸಭೆಯಲ್ಲಿ ಫರ್ಚ್‌ಗಾಟ್ ಮತ್ತು ಲೂಯಿಸ್ ಇಗ್ನಾರೊ, ಒಬ್ಬರಿಗೊಬ್ಬರು ಹೇಳಿಕೊಳ್ಳದೆಯೇ, ಅದು ನೈಟ್ರಿಕ್ ಆಕ್ಸೈಡ್ ಅನಿಲ ಇರಬೇಕು ಎಂದರು. 1987ರಲ್ಲಿ ಇಂಗ್ಲೆಂಡಿನ ಸಾಲ್ವಡಾರ್ ಮೊಂಕಾಡಾ ಅವರ ತಂಡವೂ ಇಗ್ನಾರೊ ಅವರ ತಂಡವೂ ಅದನ್ನು ಸಾಧಿಸಿ ತೋರಿಸಿದವು. 1998ರ ನೊಬೆಲ್ ಪ್ರಶಸ್ತಿ ಫರ್ಚ್‌ಗಾಟ್, ಇಗ್ನಾರೊ ಮತ್ತು ಫೆರಿದ್ ಮುರಾದ್ ಅವರಿಗೆ ಹೋಯಿತು. ಮುರಾದ್ 1977ರಲ್ಲಿಯೇ, ನೈಟ್ರೋಗ್ಲಿಸರಿನ್ ದೇಹದಲ್ಲಿ ನೈಟ್ರಿಕ್ ಆಕ್ಸೈಡನ್ನು ಬಿಡುಗಡೆ ಮಾಡಿ ಸ್ನಾಯು ಸಡಿಲಿಸುತ್ತದೆ ಎಂದು ಕಂಡಿದ್ದರು.

ಈ ನೈಟ್ರೋಗ್ಲಿಸರಿನ್ನಿಗೂ ಒಂದು ಕಸುಬಿನ ಇತಿಹಾಸ ಇದೆ. 1847ರಲ್ಲಿ ಟ್ಯೂರಿನ್‌ನಲ್ಲಿ ಅದನ್ನು ತಯಾರಿಸಿದ ಅಸ್ಕಾನಿಯೊ ಸೊಬ್ರೆರೊ ನಾಲಿಗೆಗೆ ಸೋಕಿಸಿ ನೋಡಿ ತೀವ್ರ ತಲೆನೋವು ಅನುಭವಿಸಿದರು. ಆಮೇಲೆ ಡೈನಮೈಟ್ ಕಾರ್ಖಾನೆಗಳ ಕೂಲಿಗಳು ಅದೇ ತಲೆನೋವಿನಲ್ಲಿ ನರಳಿದರು. ವಾರವಿಡೀ ಕೆಲಸ ಮಾಡಿ ಒಗ್ಗಿಹೋಗುತ್ತಿದ್ದ ದೇಹ ಭಾನುವಾರದ ರಜೆಯಲ್ಲಿ ಆ ಒಗ್ಗಿಕೆ ಕಳೆದುಕೊಳ್ಳುತ್ತಿತ್ತು, ಸೋಮವಾರ ಮತ್ತೆ ಹೊಸದಾಗಿ ತಲೆ ಸಿಡಿಯುತ್ತಿತ್ತು. ಆ ಸಿಡಿತಕ್ಕೆ ಕಾರಣ ತಲೆಯ ನಾಳಗಳು ಹಿಗ್ಗಿದ್ದು. 1879ರಲ್ಲಿ ಲಂಡನ್ನಿನ ವೈದ್ಯ ವಿಲಿಯಂ ಮುರೆಲ್ ಅದನ್ನೇ ಎದೆನೋವಿನ ರೋಗಿಗಳಿಗೆ ಕೊಟ್ಟು ಗುಣ ಕಂಡರು. ಇವತ್ತು ನಮ್ಮ ಊರುಗಳಲ್ಲಿ ಹೃದಯದ ಕಾಯಿಲೆಯ ಹಿರಿಯರು ಜೇಬಿನಲ್ಲಿಟ್ಟುಕೊಂಡು ನಾಲಿಗೆಯ ಕೆಳಗೆ ಇಡುವ ಸಾರ್ಬಿಟ್ರೇಟ್ ಮಾತ್ರೆ ಅದೇ ಕುಲದ್ದು. ಅದು ಒಳಪದರದ ಕೆಲಸವನ್ನು ಹೊರಗಿನಿಂದ ಮಾಡಿಕೊಡುವ ಔಷಧ.

ನೊಬೆಲ್ ಬಂದ ಮೇಲೆ ಕತೆ ಮುಗಿಯಿತೆಂದು ಬಹಳ ಜನ ತಿಳಿದರು. ಪಠ್ಯಪುಸ್ತಕಗಳೂ ಅಲ್ಲಿಗೇ ನಿಲ್ಲಿಸುತ್ತವೆ. ನನಗೆ ಮಾತ್ರ ಅದರ ಮುಂದಿನ ಭಾಗವೇ ಹೆಚ್ಚು ಮುಖ್ಯ. ಮಹಾಧಮನಿ ದೇಹದ ಅತಿ ದೊಡ್ಡ ಧಮನಿ. ಹರಿವನ್ನು ಹಂಚುವುದು ಅದಲ್ಲ, ತುದಿಯಲ್ಲಿರುವ ಕಿರುಧಮನಿಗಳು. ಅಲ್ಲಿನ ಕೋಶಗಳ ನಡುವಿನ ವ್ಯವಹಾರ ಬೇರೆ ರೀತಿಯದು ಎಂಬ ಸುಳಿವು ಬಹಳ ಹಿಂದೆಯೇ ಸಿಕ್ಕಿತ್ತು.

ಆ ಸುಳಿವು ಕೊಟ್ಟವರು ಕೋಪನ್‌ಹೇಗನ್‌ನ ಆಗಸ್ಟ್ ಕ್ರೋಗ್. ಕೆಲಸ ಮಾಡುವ ಸ್ನಾಯುವಿನಲ್ಲಿ ಬಿಡುವಿನಲ್ಲಿರುವ ಸ್ನಾಯುವಿಗಿಂತ ಎಷ್ಟೋ ಹೆಚ್ಚು ಲೋಮನಾಳಗಳು ತೆರೆದಿರುತ್ತವೆ ಎಂದು ತೋರಿಸಿ 1920ರ ನೊಬೆಲ್ ಪಡೆದವರು. ಕಪ್ಪೆಯ ನಾಲಿಗೆಯನ್ನು ಸೂಕ್ಷ್ಮದರ್ಶಕದ ಕೆಳಗೆ ಹರಡಿ, ಒಂದೇ ಬಿಂದುವಿನಲ್ಲಿ ಕೆಣಕಿದಾಗ ಹಿಗ್ಗುವಿಕೆ ಆ ಬಿಂದುವನ್ನು ದಾಟಿ ಸುತ್ತಲೂ ಹಬ್ಬುವುದನ್ನು ಅವರು ಗಮನಿಸಿದ್ದರು. ಅಮೆರಿಕದ ವರ್ಜೀನಿಯಾ ವಿಶ್ವವಿದ್ಯಾಲಯದಲ್ಲಿ ಬ್ರಯಾನ್ ಡೂಲಿಂಗ್ ಮತ್ತು ರಾಬರ್ಟ್ ಬರ್ನ್ 1970ರಲ್ಲಿ ಇದನ್ನು ಹ್ಯಾಮ್‌ಸ್ಟರ್ ಎಂಬ ಪುಟ್ಟ ದಂಶಕದಲ್ಲಿ ನೋಡಿದರು. ಹ್ಯಾಮ್‌ಸ್ಟರ್‌ಗೆ ಕಾಳು ತುಂಬಿಕೊಳ್ಳಲು ಕೆನ್ನೆಯೊಳಗೆ ಚೀಲವಿದೆ. ಅರಿವಳಿಕೆ ಕೊಟ್ಟು ಆ ಚೀಲವನ್ನು ಹೊರಗೆಳೆದು ಹರಡಿದರೆ ತೆಳುವಾದ, ಬೆಳಕು ಹಾಯುವ ಪೊರೆ. ಅದರಲ್ಲಿ ಕಿರುಧಮನಿಗಳು, ಅವುಗಳೊಳಗೆ ಓಡುವ ರಕ್ತಕಣಗಳು, ಎಲ್ಲ ನಿಚ್ಚಳ. ಪ್ರಾಣಿ ಬದುಕಿದೆ, ನಾಳವನ್ನು ಕತ್ತರಿಸಿಲ್ಲ, ಯಾರ ಬೆರಳೂ ಅದರ ಒಳಮೈಗೆ ತಾಗಿಲ್ಲ.

1986ರಲ್ಲಿ ಡೂಲಿಂಗ್ ಮತ್ತು ಸ್ಟೀವನ್ ಸೀಗಲ್ ಆ ಪೊರೆಯ ಒಂದು ಕಿರುಧಮನಿಯ ಹತ್ತಿರ ಸೂಜಿಗಿಂತ ಸಪೂರವಾದ ಗಾಜಿನ ನಳಿಕೆಯಿಂದ ಒಂದು ಬಿಂದುವಿಗೆ ಮಾತ್ರ ಅಸಿಟೈಲ್‌ಕೋಲಿನ್ ತಾಗಿಸಿದರು. ಆ ಬಿಂದು ಹಿಗ್ಗಿತು. ಹಿಗ್ಗುವಿಕೆ ಅಲ್ಲಿಂದ ಎರಡೂ ದಿಕ್ಕಿಗೆ, ರಕ್ತದ ಹರಿವಿಗೆ ಎದುರಾಗಿಯೂ, ಓಡಿತು; ಮೇಲಿನ ಕವಲು ಕೂಡ ಹಿಗ್ಗಿತು. ಔಷಧ ಅಷ್ಟು ದೂರ ಅಷ್ಟು ಬೇಗ ಹರಡಲಾರದು. ರಕ್ತದ ಜೊತೆ ತೇಲಿ ಹೋಯಿತೆನ್ನಲು ಹರಿವು ಎದುರು ದಿಕ್ಕಿನದು. ಉಳಿದದ್ದು ಒಂದೇ ದಾರಿ. ಸುದ್ದಿ ಗೋಡೆಯ ಕೋಶದಿಂದ ಕೋಶಕ್ಕೆ ದಾಟಿದೆ.

ಇಲ್ಲಿ ಆ ಗೋಡೆಯ ರಚನೆಯನ್ನು ಕಣ್ಣಮುಂದೆ ತಂದುಕೊಳ್ಳಬೇಕು. ಕಿರುಧಮನಿಯಲ್ಲಿ ಸ್ನಾಯುಕೋಶಗಳು ಕೈಗೆ ತೊಟ್ಟ ಬಳೆಗಳಂತೆ ಅಡ್ಡಲಾಗಿ ಸುತ್ತಿವೆ, ಅವುಗಳ ಒಳಗೆ ಒಳಪದರದ ಕೋಶಗಳು ನಾಳದ ಉದ್ದಕ್ಕೆ ಚಾಚಿ ಮಲಗಿವೆ. ಒಂದು ಒಳಪದರ ಕೋಶ ಅನೇಕ ಸ್ನಾಯುಕೋಶಗಳ ಕೆಳಗೆ ಹಾಯುತ್ತದೆ. ಹಾಗಾಗಿ ಉದ್ದಕ್ಕೂ ಸುದ್ದಿ ಒಯ್ಯಲು ಒಳಪದರವೇ ಅನುಕೂಲದ ಹಾದಿ. ಅಕ್ಕಪಕ್ಕದ ಕೋಶಗಳ ನಡುವೆ ಗ್ಯಾಪ್ ಜಂಕ್ಷನ್ ಎಂಬ ಅತಿಸೂಕ್ಷ್ಮ ಕಂಡಿಗಳಿವೆ. ಕನೆಕ್ಸಿನ್ ಎಂಬ ಪ್ರೋಟೀನಿನ ಆರಾರು ತುಂಡು ಕೂಡಿ ಒಂದೊಂದು ಬದಿಯ ಬಾಗಿಲಾಗುತ್ತದೆ, ಎರಡು ಬದಿ ಎದುರಾದರೆ ದಾರಿ ತೆರೆಯುತ್ತದೆ. ವಿದ್ಯುತ್ತಿನ ಬದಲಾವಣೆ ಅದರಲ್ಲಿ ಹಾಯುತ್ತದೆ. 2000ದಲ್ಲಿ ಸೀಗಲ್ ಮತ್ತು ಎಮರ್‌ಸನ್ ಹ್ಯಾಮ್‌ಸ್ಟರ್‌ನ ಧಮನಿಯೊಂದರಲ್ಲಿ ಒಂದು ಕಡೆ ಒಳಪದರವನ್ನಷ್ಟೇ ಹಾಳುಮಾಡಿ ನೋಡಿದರು: ಹಿಗ್ಗುವಿಕೆ ಅಲ್ಲಿಗೇ ನಿಂತಿತು. ಸ್ನಾಯುವನ್ನಷ್ಟೇ ಹಾಳುಮಾಡಿದರೆ ಅದು ಆ ಜಾಗವನ್ನು ದಾಟಿ ಮುಂದೆ ಹೋಯಿತು.

ಈ ನಡುವೆ ಸಪೂರ ನಾಳಗಳನ್ನೂ ಗಾಜಿನ ಪಾತ್ರೆಗೆ ತರುವ ಉಪಾಯ ಸಿಕ್ಕಿತ್ತು. ಕ್ರೋಗ್ ಅವರದ್ದೇ ಡೆನ್ಮಾರ್ಕಿನ ಆರ್ಹಸ್‌ನಲ್ಲಿ ಮಲ್ವಾನಿ ಮತ್ತು ಹಾಲ್ಪರ್ನ್ 1976ರಲ್ಲಿ ಒಂದು ಸಲಕರಣೆ ವಿವರಿಸಿದರು. 40 ಮೈಕ್ರಾನ್ ದಪ್ಪದ ಎರಡು ಉಕ್ಕಿನ ತಂತಿಗಳನ್ನು ಪುಟ್ಟ ನಾಳದೊಳಗೆ ತೂರಿಸಿ, ಆ ತಂತಿಗಳ ನಡುವಿನ ಸೆಳೆತವನ್ನು ಅಳೆಯುವುದು. ಕೈಯ ಹದ ಸ್ವಲ್ಪ ತಪ್ಪಿದರೆ ತಂತಿಯೇ ಒಳಪದರವನ್ನು ಕೆರೆದುಬಿಡುತ್ತದೆ. ಈ ಕೆಲಸ ಕಲಿಯುವವರು ಸೂಕ್ಷ್ಮದರ್ಶಕದ ಕೆಳಗೆ ಉಸಿರು ಬಿಗಿಹಿಡಿದು ವಾರಗಟ್ಟಲೆ ಅಭ್ಯಾಸ ಮಾಡುತ್ತಾರೆ.

ಹಾಗೆ ಅಳೆದ ಸಪೂರ ನಾಳಗಳಲ್ಲಿ ನೈಟ್ರಿಕ್ ಆಕ್ಸೈಡ್ ತಯಾರಾಗದಂತೆ ತಡೆದರೂ ಅಸಿಟೈಲ್‌ಕೋಲಿನ್‌ಗೆ ನಾಳ ಹಿಗ್ಗುತ್ತಲೇ ಇತ್ತು. ನಾಳವನ್ನು ಹಿಗ್ಗಿಸುವ ಇನ್ನೊಂದು ವಸ್ತುವಾದ ಪ್ರೋಸ್ಟಸೈಕ್ಲಿನ್ನನ್ನು ತಡೆದರೂ ಅಷ್ಟೇ. ಸ್ನಾಯುಕೋಶದೊಳಗಿನ ವಿದ್ಯುತ್ ಒತ್ತಡ ಇನ್ನಷ್ಟು ಋಣಕ್ಕೆ ಇಳಿಯುವುದು ಮಾತ್ರ ಪ್ರತಿ ಬಾರಿಯೂ ಕಾಣುತ್ತಿತ್ತು. 1988ರಲ್ಲಿ ಟೇಲರ್ ಮತ್ತು ವೆಸ್ಟನ್ ಇದಕ್ಕೆ ಕಾರಣವಾದ ಅಜ್ಞಾತಕ್ಕೆ ಇಡಿಎಚ್‌ಎಫ್ (ಒಳಪದರದಿಂದ ಬರುವ, ವಿದ್ಯುತ್ ಒತ್ತಡವನ್ನು ಋಣಕ್ಕೆ ಇಳಿಸುವ ಅಂಶ) ಎಂದು ಹೆಸರಿಟ್ಟರು. ಫರ್ಚ್‌ಗಾಟ್ ಅವರಂತೆಯೇ ಅವರೂ ಒಂದು ವಸ್ತುವನ್ನು ಊಹಿಸಿದ್ದರು. ಹುಡುಕುತ್ತ ಹೋದ ಹಾಗೆ ಒಂದಕ್ಕಿಂತ ಹೆಚ್ಚು ಉತ್ತರ ಬಂದವು: ಪೊಟ್ಯಾಸಿಯಂ, ಕೊಬ್ಬಿನಾಮ್ಲದ ಕೆಲವು ಉತ್ಪನ್ನಗಳು, ಹೈಡ್ರೋಜನ್ ಪೆರಾಕ್ಸೈಡ್. ನಾಳದಿಂದ ನಾಳಕ್ಕೆ, ಪ್ರಾಣಿಯಿಂದ ಪ್ರಾಣಿಗೆ ಅವುಗಳ ಪಾಲು ಬೇರೆ. ಅವುಗಳ ಜೊತೆಗೆ, ಯಾವ ವಸ್ತುವೂ ಹೊರಬೀಳದೆ ನೇರವಾಗಿ ದಾಟುವ ವಿದ್ಯುತ್ತೂ ಇದೆ.

ಈ ನೇರ ದಾರಿಯ ಬೀಗ ತೆಗೆದದ್ದು ಎರಡು ವಿಷಗಳು. ಒಂದು ಜೇನುಹುಳದ ವಿಷದಲ್ಲಿರುವ ಅಪಮಿನ್, ಇನ್ನೊಂದು ಚೇಳಿನ ವಿಷದಿಂದ ಬಂದ ಕ್ಯಾರಿಬ್ಡೋಟಾಕ್ಸಿನ್. ಎರಡೂ ಪೊಟ್ಯಾಸಿಯಂ ಹೊರಹೋಗುವ ಬೇರೆ ಬೇರೆ ಚಾನೆಲ್‌ಗಳನ್ನು ಮುಚ್ಚುತ್ತವೆ. ಒಂದನ್ನೇ ಹಾಕಿದರೆ ಹಿಗ್ಗುವಿಕೆ ಅಷ್ಟಾಗಿ ತಗ್ಗುವುದಿಲ್ಲ. ಎರಡನ್ನೂ ಒಟ್ಟಿಗೆ ಹಾಕಿದರೆ ಈ ಬಗೆಯ ಹಿಗ್ಗುವಿಕೆ ನಿಂತೇಹೋಗುತ್ತದೆ. ಆ ಎರಡೂ ಚಾನೆಲ್‌ಗಳು ಇರುವುದು ಒಳಪದರದ ಕೋಶಗಳಲ್ಲಿ. ಚಿತ್ರ ಹೀಗೆ ತಿಳಿಯಾಯಿತು: ಅಸಿಟೈಲ್‌ಕೋಲಿನ್ ತಾಗಿದಾಗ ಒಳಪದರದ ಕೋಶದಲ್ಲಿ ಕ್ಯಾಲ್ಸಿಯಂ ಏರುತ್ತದೆ, ಅದು ಆ ಚಾನೆಲ್‌ಗಳನ್ನು ತೆರೆಯುತ್ತದೆ, ಪೊಟ್ಯಾಸಿಯಂ ಹೊರಗೆ ಹರಿದು ಕೋಶದ ಒಳಗು ಇನ್ನಷ್ಟು ಋಣವಾಗುತ್ತದೆ. ಆ ಬದಲಾವಣೆ ಗ್ಯಾಪ್ ಜಂಕ್ಷನ್ ಮೂಲಕ ಸ್ನಾಯುಕೋಶಕ್ಕೂ ದಾಟುತ್ತದೆ. ಅಲ್ಲಿ ಕ್ಯಾಲ್ಸಿಯಂ ಒಳಗೆ ಬರುವ ಬಾಗಿಲುಗಳು ಮುಚ್ಚಿಕೊಳ್ಳುತ್ತವೆ. ಕ್ಯಾಲ್ಸಿಯಂ ಇಳಿದ ಸ್ನಾಯು ಸಡಿಲಾಗುತ್ತದೆ, ನಾಳ ಹಿಗ್ಗುತ್ತದೆ.

ಎರಡು ಪದರಗಳ ನಡುವೆ ಸ್ಥಿತಿಸ್ಥಾಪಕ ನಾರಿನ ಹಾಳೆ ಇದೆ, ಅದರಲ್ಲಿ ತೂತುಗಳಿವೆ. 1967ರಲ್ಲಿ ಯೋಹಾನೆಸ್ ರೋಡಿನ್ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಆ ತೂತುಗಳ ಮೂಲಕ ಒಳಪದರವೂ ಸ್ನಾಯುವೂ ಒಂದಕ್ಕೊಂದು ತಾಗಿರುವುದನ್ನು ಚಿತ್ರಿಸಿದ್ದರು. 2000ದಲ್ಲಿ ಸ್ಯಾಂಡೊ ಮತ್ತು ಹಿಲ್ ಇಲಿಯ ಕರುಳಿನ ಧಮನಿಗಳಲ್ಲಿ ಎಣಿಸಿ ನೋಡಿದಾಗ ನಾಳ ತುದಿಯ ಕಡೆಗೆ ಸಪೂರವಾದಷ್ಟೂ ಇಂಥ ಜೋಡಣೆಗಳು ಹೆಚ್ಚು. ದೊಡ್ಡ ನಾಳದಲ್ಲಿ ನೈಟ್ರಿಕ್ ಆಕ್ಸೈಡ್‌ನ ಪಾಲು ಹೆಚ್ಚು, ಸಣ್ಣದರಲ್ಲಿ ನೇರ ವಿದ್ಯುತ್ತಿನ ಪಾಲು ಹೆಚ್ಚು. ಮಹಾಧಮನಿಯನ್ನು ಮಾತ್ರ ನೋಡಿದ್ದರೆ ಇದು ಎಂದಿಗೂ ತಿಳಿಯುತ್ತಿರಲಿಲ್ಲ.

ಸ್ನಾಯುವೂ ಸುಮ್ಮನೆ ಅಪ್ಪಣೆ ಕೇಳುವುದಲ್ಲ. 1997ರಲ್ಲಿ ಕಿಮ್ ಡೋರಾ, ಡೂಲಿಂಗ್ ಮತ್ತು ಅವರ ಸಂಗಡಿಗರು, ಸ್ನಾಯುಕೋಶಗಳನ್ನು ಬಿಗಿಸಿದಾಗ ಒಳಪದರದ ಕೋಶಗಳಲ್ಲಿಯೂ ಕ್ಯಾಲ್ಸಿಯಂ ಏರುವುದನ್ನು, ಅದರಿಂದ ನೈಟ್ರಿಕ್ ಆಕ್ಸೈಡ್ ಹೊರಟು ಬಿಗಿತಕ್ಕೆ ಕಡಿವಾಣ ಬೀಳುವುದನ್ನು ಹ್ಯಾಮ್‌ಸ್ಟರ್‌ನ ಕಿರುಧಮನಿಗಳಲ್ಲಿ ತೋರಿಸಿದರು. ಸ್ನಾಯು ತಾನು ಎಷ್ಟು ಬಿಗಿದಿದ್ದೇನೆ ಎಂದು ತಿಳಿಸುತ್ತದೆ, ಒಳಪದರ ಸಾಕು ಎನ್ನುತ್ತದೆ. 2017ರಲ್ಲಿ ಅಮೆರಿಕದ ವರ್ಮಾಂಟ್‌ನ ಸಂಶೋಧಕರು ಇಲಿಯ ಮಿದುಳಿನಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ ಹೋದರು: ದುಡಿಯುವ ನರಕೋಶಗಳು ಬಿಡುವ ಪೊಟ್ಯಾಸಿಯಂ ಅನ್ನು ಲೋಮನಾಳದ ಗೋಡೆಯೇ ಗ್ರಹಿಸಿ, ಆ ಸುದ್ದಿಯನ್ನು ಕೋಶದಿಂದ ಕೋಶಕ್ಕೆ ಹಿಂದಕ್ಕೆ ಕಳಿಸಿ ಮೇಲಿನ ಕಿರುಧಮನಿಯನ್ನು ಹಿಗ್ಗಿಸುತ್ತದೆ. ರಕ್ತ ಎಲ್ಲಿ ಬೇಕೋ ಅಲ್ಲಿಂದಲೇ ಬೇಡಿಕೆ ಹೊರಡುತ್ತದೆ. ಕ್ರೋಗ್ ಅವರ ಪ್ರಶ್ನೆ ಸುಮಾರು ನೂರು ವರ್ಷಗಳ ಮೇಲೆ ಲೋಮನಾಳಕ್ಕೇ ಹಿಂದಿರುಗಿತು.

ಇದು ಪ್ರಯೋಗಾಲಯದ ಪ್ರಾಣಿಗಳ ಮಾತಾಯಿತು. ಮನುಷ್ಯರ ಕಥೆ ಏನು? 1986ರಲ್ಲಿ ಬಾಸ್ಟನ್‌ನ ವೈದ್ಯರು ಹೃದಯದ ಧಮನಿಯೊಳಗೆ ನಳಿಕೆ ತೂರಿಸಿ ಅಸಿಟೈಲ್‌ಕೋಲಿನ್ ಬಿಟ್ಟರು. ಆರೋಗ್ಯವಾಗಿದ್ದ ಧಮನಿಗಳು ಹಿಗ್ಗಿದವು. ಒಳಗೆ ಕೊಬ್ಬು ಕಟ್ಟಿಕೊಂಡಿದ್ದ ಧಮನಿಗಳು ಹಿಗ್ಗುವ ಬದಲು ಬಿಗಿದವು. ಆ ಫಲಿತಾಂಶ ಓದಿದಾಗ ನನಗೆ 1953ರ ಸುರುಳಿ ಪಟ್ಟಿಯೇ ಕಣ್ಣಿಗೆ ಕಟ್ಟಿತು. ಪ್ರಯೋಗಾಲಯದಲ್ಲಿ ಬೆರಳು ಮಾಡಿದ್ದನ್ನು ಈ ರೋಗಿಗಳಲ್ಲಿ ರೋಗ ವರ್ಷಗಳ ಕಾಲ ಮಾಡಿತ್ತು. 1992ರಲ್ಲಿ ಸೆಲೆರ್ಮೇಯರ್ ಮತ್ತು ಸಂಗಡಿಗರು ಸೂಜಿಯೂ ಬೇಡದ ವಿಧಾನ ಕೊಟ್ಟರು: ತೋಳಿನ ರಕ್ತಸಂಚಾರವನ್ನು ಪಟ್ಟಿ ಬಿಗಿದು ಕೆಲವು ನಿಮಿಷ ತಡೆದು ಬಿಟ್ಟಾಗ, ರಕ್ತದ ರಭಸಕ್ಕೆ ಧಮನಿ ಎಷ್ಟು ಹಿಗ್ಗುತ್ತದೆ ಎಂದು ಅಲ್ಟ್ರಾಸೌಂಡಿನಲ್ಲಿ ಅಳೆಯುವುದು. ಸಿಗರೇಟು ಸೇದುವವರಲ್ಲಿ, ವಂಶದಿಂದ ಕೊಲೆಸ್ಟರಾಲ್ ಏರಿದ ಮಕ್ಕಳಲ್ಲಿ ಅದು ಕಡಿಮೆ ಇತ್ತು. ಯಾವ ನೋವೂ ಕಾಣಿಸಿಕೊಳ್ಳುವ ಎಷ್ಟೋ ವರ್ಷ ಮೊದಲೇ ಒಳಪದರ ಸೋತಿರುತ್ತದೆ. ಸಕ್ಕರೆ ಕಾಯಿಲೆ ಮನೆಮನೆಯಲ್ಲಿರುವ ನಮ್ಮ ನಾಡಿನಲ್ಲಿ ಈ ಮಾತು ಪ್ರತಿ ವೈದ್ಯನಿಗೂ ನೆನಪಿರಬೇಕು. ಕಣ್ಣು, ಮೂತ್ರಪಿಂಡ, ಕಾಲಬೆರಳು, ಆ ಕಾಯಿಲೆ ಮೊದಲು ಕೈಯಿಕ್ಕುವ ಜಾಗಗಳೆಲ್ಲ ಸಣ್ಣ ನಾಳಗಳ ನೆಲೆಗಳು.

ಪದವಿ ತರಗತಿಗಳಲ್ಲಿ ಈಗ ಮಸಿ ಕಾಗದವಿಲ್ಲ, ಕಪ್ಪೆಯಿಲ್ಲ. ಗೆರೆಗಳು ಕಂಪ್ಯೂಟರಿನ ಪರದೆಯಲ್ಲಿ ಏರಿ ಇಳಿಯುತ್ತವೆ. ಕಲಿಕೆಗಾಗಿ ಅಷ್ಟೊಂದು ಪ್ರಾಣಿಗಳು ಸಾಯುವುದು ನಿಂತದ್ದು ಒಳ್ಳೆಯದೇ. ಆದರೆ ಪರದೆಯ ಮೇಲಿನ ಅಂಗಾಂಶಕ್ಕೆ ಒಳಮೈ ಇಲ್ಲ, ಅದನ್ನು ಯಾರೂ ಉಜ್ಜಿ ಕೆಡಿಸಲಾರರು. ಅಸಿಟೈಲ್‌ಕೋಲಿನ್ ಹಾಕಿದರೆ ಬರಬೇಕಾದ ಗೆರೆ ಬಂದೇ ಬರುತ್ತದೆ. 1953ರಿಂದ 1980ರವರೆಗೆ ಬರಬೇಕಾದ ಗೆರೆ ಯಾಕೆ ಬರಲಿಲ್ಲ ಎಂಬುದನ್ನು ಅದು ಕಲಿಸುವುದಿಲ್ಲ. ಅದಕ್ಕಾಗಿ ನಾನು ಸ್ನಾತಕೋತ್ತರ ವಿದ್ಯಾರ್ಥಿಗಳಿಗೆ ಯಾವ ಪ್ರಬಂಧ ಕೊಟ್ಟರೂ ಮೊದಲು ವಿಧಾನದ ಭಾಗ ಓದಿಸುತ್ತಿದ್ದೆ. ನಾಳವನ್ನು ಹೇಗೆ ಕತ್ತರಿಸಿದರು, ಯಾವುದರಿಂದ ಹಿಡಿದರು, ಎಷ್ಟು ಎಳೆದರು ಎಂದು ಬರೆದಿದ್ದಾರೆಯೇ ನೋಡಿ ಎನ್ನುತ್ತಿದ್ದೆ.

ಫರ್ಚ್‌ಗಾಟ್ 2009ರಲ್ಲಿ ತೀರಿಕೊಂಡರು. ಅವರ ಕೆಲಸದಿಂದ ಕಸುಬಿಗೆ ಒಂದು ಹೊಸ ನಿಯಮ ಸೇರಿತು. ರಕ್ತನಾಳದ ಯಾವ ಪ್ರಯೋಗಾಲಯಕ್ಕೆ ಹೋದರೂ, ಅಳತೆ ಶುರುಮಾಡುವ ಮೊದಲು ನಾಳವನ್ನು ಒಂದು ಔಷಧದಿಂದ ಬಿಗಿಸಿ, ತೊಳೆಯದೆಯೇ ಅಸಿಟೈಲ್‌ಕೋಲಿನ್ ಹಾಕಿ ನೋಡುತ್ತಾರೆ. ಸಡಿಲಾದರೆ ಒಳಪದರ ಉಳಿದಿದೆ ಎಂದು ಮುಂದುವರಿಯುತ್ತಾರೆ, ಇಲ್ಲವಾದರೆ ಆ ತುಂಡನ್ನು ಬದಿಗಿಡುತ್ತಾರೆ. 1978ರ ಮೇ ತಿಂಗಳ ಆ ಹೆಜ್ಜೆ ತಪ್ಪಿದ ಪ್ರಯೋಗ ಇವತ್ತು ಎಲ್ಲರೂ ಬೇಕೆಂದೇ ಮಾಡುವ ಮೊದಲ ಪರೀಕ್ಷೆ. ನಮ್ಮ ವೃತ್ತಿಗೆ ಇಳಿಯುವ ಹುಡುಗ ಹುಡುಗಿಯರು ಅದರಿಂದ ಒಂದು ಮಾತು ಕಲಿಯಲಿ. ಪರಿಣಾಮ ಕಾಣಲಿಲ್ಲ ಎಂದು ಬರೆಯುವ ಮೊದಲು, ಪರಿಣಾಮ ತೋರಿಸಬೇಕಾದ ಕೋಶ ನಮ್ಮ ಕೈ ತಾಗಿದ ಮೇಲೂ ಅಲ್ಲಿ ಬದುಕಿತ್ತೇ ಎಂದು ಪರೀಕ್ಷಿಸಬೇಕು.